ಪುಟ ನಲವತ್ತಮೂರು

ಪತ್ರ ಬಂದದ್ದು ಸೋಮವಾರ, ತಾಲಿನ್‌ನ ಪ್ರಕಾಶಕರಿಂದ:
‘ಹನ್ನೊಂದನೆಯ ಮುದ್ರಣಕ್ಕೆ ಹೊಸ ರಕ್ಷಾಪುಟ ಮಾಡಿಸುತ್ತಿದ್ದೇವೆ.
ಲೇಖಕರ ಖಗೋಳವಿಜ್ಞಾನದ ಡಾಕ್ಟರೇಟ್
ನಿಮ್ಮಲ್ಲಿಯೇ ಪಡೆದದ್ದೆಂದು ಖಚಿತಪಡಿಸಿ.
ಹೌದು, ಇಲ್ಲ. ಒಂದಕ್ಕೆ ಗುರುತು ಹಾಕಿ.’

ನಾನು ತಾರ್ತುವಿನ ದಾಖಲೆ ಕೋಣೆಯವಳು.
ಇಪ್ಪತ್ತಾರು ವರ್ಷದಿಂದ ಗುರುತು ಹಾಕುವುದೇ ಕಸುಬು.
ಸುಳ್ಳು ಎಂಜಿನಿಯರನ್ನು ಹಿಡಿದಿದ್ದೇನೆ, ಒಬ್ಬ ದಂತವೈದ್ಯನನ್ನೂ.
ಅವನು ನನ್ನದೇ ಹಲ್ಲು ಕಿತ್ತಿದ್ದ;
ಪಾಪ, ಚೆನ್ನಾಗಿಯೇ ಕಿತ್ತಿದ್ದ.

ಆದರೆ ಎವಾಲ್ಡ್ ಪಿಹ್ಲಪೂ!
ಒಂಬತ್ತನೆಯ ವಯಸ್ಸಿನಲ್ಲಿ ಗಂಟಲು ಬಾತು ಮಲಗಿದ್ದಾಗ
ಚಿಕ್ಕಮ್ಮ ತಂದುಕೊಟ್ಟ ನೀಲಿ ರಟ್ಟಿನ ಪುಸ್ತಕ.
‘ಕಣ್ಣಿಗೆ ಇಪ್ಪತ್ತು ನಿಮಿಷ ಕೊಡಿ. ಕತ್ತಲೆಯೆಂದರೆ
ಗುರುತಿಲ್ಲದ ಕುದುರೆಯ ಹಾಗೆ. ಅಲುಗದೆ ನಿಂತರೆ
ತಾನಾಗಿ ಹತ್ತಿರ ಬಂದು ಮೂಸುತ್ತದೆ.’
ಆಗಲೇ ನನಗೆ ಅನುಮಾನ ಬರಬೇಕಿತ್ತು.

ಖಗೋಳ ವಿಭಾಗದ ರಿಜಿಸ್ಟರಿನಲ್ಲಿ
ಪಿಹ್ಲಕ್ ಇದ್ದಾನೆ, ಪಿಕ್ಕೋರ್ ಇದ್ದಾನೆ,
ನಡುವೆ ಯಾರೂ ಇಲ್ಲ, ಒಂದು ಒಣ ಜೇಡ.
ಗಣಿತ ನೋಡಿದೆ. ಭೌತಶಾಸ್ತ್ರ ನೋಡಿದೆ.
ಕೊನೆಗೆ ನೆಲಮಾಳಿಗೆ. ಬಿಸಿನೀರಿನ ಕೊಳವೆಯ ಪಕ್ಕ
ಕೃಷಿ ಅಕಾಡೆಮಿಯಿಂದ ಎಂದೋ ಬಂದು
ಮರಳಿ ಹೋಗದ ಕಂದು ಕಡತಗಳ ಸಾಲು.
ಅಲ್ಲಿ ಸಿಕ್ಕಿತು ಹೆಸರು: ಪಿಹ್ಲಪೂ, ಎವಾಲ್ಡ್, ಕಾರ್ಲನ ಮಗ.
ಪಶುವೈದ್ಯದ ಡಾಕ್ಟರ್. ಮಹಾಪ್ರಬಂಧದ ವಿಷಯ:
ಬಸಿರಲ್ಲಿ ಅಡ್ಡ ಮಲಗಿದ ಕರುವನ್ನು ತಿರುಗಿಸುವ ಬಗೆ.

ಡಾಕ್ಟರ್ ಹೌದು.
ಮೇಲಿನದಕ್ಕಲ್ಲ.

ಆ ರಾತ್ರಿ ಪುಸ್ತಕ ಹಿಡಿದು ನದಿಯ ಕಡೆ ನಡೆದೆ.
ಫೆಬ್ರವರಿ, ಒಂಬತ್ತು ಗಂಟೆ, ನೀರು ಕಲ್ಲಾಗಿತ್ತು.
ಪದವಿ ಸುಳ್ಳಾದರೆ ಆಕಾಶವೂ ಸುಳ್ಳಿರಬೇಕಲ್ಲ!
ಈಶಾನ್ಯದಲ್ಲಿ ದೊಡ್ಡ ಗಾಡಿ ಮೂಕಿ ಕೆಳಗೂರಿ ನಿಂತಿತ್ತು,
ಅವರು ಬರೆದಂತೆಯೇ. ಮೂಕಿಯ ನಡುವೆ ಎತ್ತು,
ಎತ್ತಿನ ಕಿವಿಯ ಹತ್ತಿರ, ಶಿಕ್ಷೆಗೆಂದು ನೊಗಕ್ಕೆ ಕಟ್ಟಿದ
ಅಜ್ಜಿ ಹೇಳುತ್ತಿದ್ದ ಪುಟ್ಟ ತೋಳ.
ಎಲ್ಲ ಸರಿ. ಸಾಲು ಸಾಲೂ ಸರಿ.

ಪುಟ ನಲವತ್ತಮೂರು ಮಾತ್ರ:
‘ಮಿಥುನದ ಅವಳಿಗಳಲ್ಲಿ ಕ್ಯಾಸ್ಟರೇ ಹೆಚ್ಚು ಬೆಳಕಿನವನು.’
ತಲೆ ಎತ್ತಿದೆ. ಅಲ್ಲ. ಕೆಳಗಿನವನು, ಪೊಲಕ್ಸ್,
ತುಸು ಹಳದಿ, ನಿಸ್ಸಂದೇಹವಾಗಿ ಅವನೇ.
ಹತ್ತು ಮುದ್ರಣ. ನಲವತ್ತು ವರ್ಷ.
ಯಾರೂ ನೋಡಿರಲಿಲ್ಲ. ನಾನೂ.

ಮರುದಿನ ಫೋನು. ಮಗಳು ಕರೆದು ಕೊಟ್ಟಳು.
ಎಂಬತ್ತೆಂಟರ ದನಿ, ಹುಲ್ಲು ಎಳೆದಂತೆ ಸರಸರ.
‘ನಾನು ಬರೇ ಡಾಕ್ಟರ್ ಅಂತ ಬರೆದಿದ್ದೆ, ತಾಯಿ.
ಎರಡನೇ ಮುದ್ರಣದಲ್ಲಿ ಅವರೇ ಖಗೋಳ ಸೇರಿಸಿದರು.
ತಿದ್ದಿಸೋಣ ಅಂದುಕೊಂಡೆ. ಆಗ ಹಸುಗಳು ಕರು ಹಾಕುವ ಕಾಲ.’
ನಲವತ್ತು ವರ್ಷವೂ ಕರು ಹಾಕುತ್ತವೆಯೇ ಹಸುಗಳು?
ಕೇಳಲಿಲ್ಲ. ಅವರೇ ಕೇಳಿಸಿಕೊಂಡರು, ಕಾಣುತ್ತದೆ,
ತಂತಿಯಾಚೆ ಬಹಳ ಹೊತ್ತು ಉಸಿರು ಮಾತ್ರ.

ಆಮೇಲೆ ಪೊಲಕ್ಸ್ ಬಗ್ಗೆ ಹೇಳಿದೆ.
ಅದಕ್ಕೆ ನಿಜಕ್ಕೂ ನೊಂದುಕೊಂಡರು.
‘ಉಳಿದದ್ದೆಲ್ಲ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡಿದ್ದು,
ನೋವು ಶುರುವಾಗಿ ಕಾಲು ಕಾಣುವತನಕ ಬಿಡುವೇ ತಾನೆ.
ಆ ವಾರ ಮೋಡ. ಪುಟ ತುಂಬಬೇಕಿತ್ತು.
ಒಂದು ಪಟ್ಟಿ ನೋಡಿ ಬರೆದೆ. ಅದರಲ್ಲಿ ಕ್ಯಾಸ್ಟರ್ ಮೊದಲಿದ್ದ.’

ಪಟ್ಟಿ ನೋಡಿ ಬರೆದರಂತೆ.
ನಾನು ಇಪ್ಪತ್ತಾರು ವರ್ಷದಿಂದ ಮತ್ತೇನು ಮಾಡಿದ್ದೇನೆ?

‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದೆ.
ಪಕ್ಕದಲ್ಲಿ, ಜಾಗವಿಲ್ಲದಿದ್ದರೂ: ಪಶುವೈದ್ಯರು, ಹಾಗೆಯೇ ಅಚ್ಚು ಹಾಕಿ.
ಪುಟ ನಲವತ್ತಮೂರು ತಿದ್ದಿ.
ಹಾಳೆಯ ತಳದಲ್ಲಿ ಇನ್ನೊಂದು ಗೆರೆಯಿತ್ತು,
ಈವರೆಗೆ ಕಣ್ಣಾಡಿಸದೆ ತುಂಬುತ್ತಿದ್ದದ್ದು:
ಪರಿಶೀಲಿಸಿದವರ ಹೆಸರು, ಅರ್ಹತೆ.
ಮಾರಿಕಾ ಲೂಯ್ಗಾ ಎಂದು ಬರೆದು ಪೆನ್ನು ಎತ್ತಿದೆ.
ನಿನ್ನೆಯ ಥಂಡಿಗೆ ಮೂಗು ಇನ್ನೂ ಸೋರುತ್ತಿತ್ತು.