ಎಡಗಾಲು

ಶಬ್ದ ಮೊದಲು ಕೇಳಿದ್ದು ನನಗಲ್ಲ, ಸಿಸಿಲಿಯಾಗೆ.
ಎಂಟನೆಯ ಕ್ಲಾಸು, ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲು,
"ಮೇಡಂ, ಯಾರೋ ಸೀಟಿ ಊದ್ತಿದಾರೆ" ಅಂದಳು.
ವಾರ್ಡಿನ ರಾತ್ರಿಪಾಳಿ ಮುಗಿಸಿ ಬಂದ ಕಿವಿ,
ಉಸಿರಿನ ಏರುಪೇರು ತಿಳಿಯುವ ಕಿವಿ.
ಆಟೋದ್ದಿರಬೇಕು ಅಂದೆ.
ಆಟೋ ಹೋಯಿತು. ಸೀಟಿ ಉಳಿಯಿತು.

ಕ್ಲಚ್ಚು ಒತ್ತಿದರೆ ಕೇಳುತ್ತಿತ್ತು,
ಬಿಟ್ಟರೆ ಇಲ್ಲ.
ಕುಕ್ಕರು ಕೂಗುವ ಮುಂಚೆ ಎಳೆದುಕೊಳ್ಳುವ
ತೆಳು ಉಸಿರು, ಕೂಗಷ್ಟೇ ಬಾರದು.
ವಾರ ಕಳೆದು ಪೀಣ್ಯದ ದಿಬ್ಬದಲ್ಲಿ
ಅದೇ ಉಸಿರಿಗೆ ಮರಳು ಸೇರಿತು.
ರೇಡಿಯೋ ಜೋರು ಮಾಡಿ ಮೂರು ದಿನ ಕಲಿಸಿದೆ.
ಹಾಗೂ ಒಂದು ರಿಪೇರಿ ಇದೆ, ಎಲ್ಲರಿಗೂ ಗೊತ್ತಿರುವುದು.

ಗುಡ್ಡದಹಳ್ಳಿಯ ದಸ್ತಗೀರ್
ಬಾನೆಟ್ಟು ತೆರೆಯಲೂ ಇಲ್ಲ. ಕಿಟಕಿಯ ಪಕ್ಕ ನಿಂತು
"ಒತ್ತಿ" ಅಂದ. ಒತ್ತಿದೆ. "ಬಿಡಿ" ಅಂದ. ಬಿಟ್ಟೆ.
ಹತ್ತು ವರ್ಷದಿಂದ ನಾನು ಊರಿಗೆಲ್ಲ ಹೇಳಿದ ಎರಡು ಮಾತು
ನನಗೇ ಹೇಳಿದವನು ಅವನೊಬ್ಬ.
"ರಿಲೀಸ್ ಬೇರಿಂಗು. ಹೋಗಿದೆ.
ಸಾಮಾನು ಸಣ್ಣದು, ಇಳಿಸೋ ಕೆಲಸ ದೊಡ್ಡದು.
ಗೇರ್‌ಬಾಕ್ಸು ಕೆಳಗೆ ಬಂದ ಮೇಲೆ ಪ್ಲೇಟೂ ಹಾಕಿಸಿಬಿಡಿ,
ಆರು ತಿಂಗಳಿಗೆ ಮತ್ತೆ ಬಿಚ್ಚೋದು ನನಗೂ ಬೇಜಾರು."

ಜೆ.ಸಿ. ರಸ್ತೆಯ ಅಂಗಡಿ ಹುಡುಗ ಕೇಳಿದ,
"ಒರಿಜಿನಲ್ಲಾ, ನಡೆಯೋದಾ?"
ನಡೆಯೋದು ಅನ್ನುವ ಮಾತಿಗೆ ಒಂದು ಕ್ಷಣ ಮನಸ್ಸು ಜಾರಿತು.
ಒರಿಜಿನಲ್ಲೇ ಕೊಡು ಅಂದೆ.
ಬೆರಳಲ್ಲಿ ತಿರುಗಿಸಿದರೆ ಬೆಣ್ಣೆಯೊಳಗಿನ ಚಮಚ,
ಸದ್ದೇ ಇಲ್ಲ.

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಪಂಚಾಯ್ತಿ:
ಯಾರ ಕಾಲು?
ಶೇಷಪ್ಪನವರದಾ, ನಿವೃತ್ತ ಕ್ಯಾಷಿಯರು,
ಹಾಫ್ ಕ್ಲಚ್ಚಿನಲ್ಲೇ ಫ್ಲೈಓವರ್ ಹತ್ತಿಸಿ
ಇಳಿಯುವಾಗಲೂ ಬಿಡದವರು?
ಟೈಲರ್ ಪುಟ್ಟತಾಯಮ್ಮನದಾ,
ಹೊಲಿಗೆ ಮೆಷಿನ್ನಿನಂತೆ ತುಳಿದವಳು?
ನನ್ನ ರಿಜಿಸ್ಟರಿನಲ್ಲಿ ಎಲ್ಲರ ಹೆಸರೂ ಇದೆ,
ಫೀಸು ಬಾಕಿ ಇದ್ದವರದು ಕೆಂಪು ಶಾಯಿಯಲ್ಲಿ.

ಸಂಜೆ ಗೇರ್‌ಬಾಕ್ಸು ಗೋಣಿಯ ಮೇಲೆ ಮಲಗಿತ್ತು.
ಹಳೇ ಬೇರಿಂಗನ್ನು ನನ್ನ ಅಂಗೈಗಿಟ್ಟ.
ಕಾವಿಗೆ ನೀಲಿಗಟ್ಟಿದ ಉಕ್ಕು, ಗ್ರೀಸು ಒಣಗಿ ಕಾಡಿಗೆ,
ತಿರುಗಿಸಿದರೆ ಒಳಗೆ ಗುಂಡುಗಳ ಗೊಣಗಾಟ.
"ಒತ್ತಿ ಒತ್ತಿ ಹೋಗಿದ್ದಲ್ಲ ಇದು" ಅಂದ,
"ಒತ್ತದೆ, ಬಿಡದೆ, ಸುಮ್ಮನೆ ಕಾಲಿಟ್ಟುಕೊಂಡಿದ್ದಕ್ಕೆ ಹೋಗಿದ್ದು."

ಆಮೇಲೆ ಟಾರ್ಚು ಹಿಡಿದ.
ಬಲಗಡೆ, ಕಲಿಯುವವರ ಪೆಡಲು:
ನಟ್ಟನಡುವೆ ಸವೆದ ರಬ್ಬರು,
ನೂರಾರು ಜನ ಪೂರ್ತಿ ತುಳಿದ ಹೊಸ್ತಿಲು.
ಎಡಗಡೆ, ನನ್ನದು:
ನಡುವೆ ಹೊಚ್ಚಹೊಸದು. ಒಂದು ಅಂಚಿನಲ್ಲಿ ಮಾತ್ರ,
ಹೆಬ್ಬೆರಳು ಊರುವಷ್ಟೇ ಜಾಗದಲ್ಲಿ,
ಕಬ್ಬಿಣ ಕಾಣುತ್ತಿತ್ತು.
ಅವನು ಏನೂ ಅನ್ನಲಿಲ್ಲ.
ಟಾರ್ಚು ಆರಿಸಿ, ಚಹಾ ತರಿಸಿದ.

ಇಟ್ಟಿದ್ದು ನಿಜ.
ಬೀಳುವವರ ಬೆನ್ನಿಗೆ ಇಟ್ಟ ಕೈ ಅಂದುಕೊಂಡಿದ್ದೆ.
ಹೆದರಬೇಡಿ, ಗಾಡಿ ನಿಮ್ಮದೇ ಅನ್ನುತ್ತಾ
ಡ್ಯಾಶ್‌ಬೋರ್ಡಿನ ಕೆಳಗೆ, ಯಾರಿಗೂ ಕಾಣದಂತೆ,
ಹತ್ತು ವರ್ಷ.
ಎಷ್ಟು ಜನ ಲೈಸೆನ್ಸು ಹಿಡಿದು ಹೋದರೋ
ತಾವೇ ನಡೆಸಿದೆವೆಂದು ನಂಬಿ.
ನಾನು ನಂಬದೆ ಕೂತಷ್ಟು ಹೊತ್ತೂ
ಒಳಗೆ ಒಂದು ಉಂಗುರ ಪುರುಸೊತ್ತಿಲ್ಲದೆ ತಿರುಗಿತು.

ಶುಕ್ರವಾರ ಬೆಳಿಗ್ಗೆ ಆರೂವರೆ. ಸಿಸಿಲಿಯಾ.
ಏರು. ಮುಂದೆ ಕಸದ ಲಾರಿ, ಹಿಂದೆ ಬಿಎಂಟಿಸಿ.
ಬಲಗಾಲು ಬ್ರೇಕಿನ ಹತ್ತಿರ, ಅದು ನನ್ನ ಅನ್ನದ ಧರ್ಮ.
ಎಡಗಾಲನ್ನು ಸೀಟಿನ ಕೆಳಕ್ಕೆ ಮಡಚಿ
ಅದರ ಮೇಲೆ ಬ್ಯಾಗು ಇಟ್ಟುಕೊಂಡೆ.
ಗಾಡಿ ಒಂದು ಗೇಣು ಹಿಂದೆ ಜಾರಿತು.
ಬಸ್ಸಿನ ಹಾರ್ನು.
ಇನ್ನೊಂದು ಗೇಣು.
ಇಂಜಿನ್ನು ಆಫ್.
ಸಿಸಿಲಿಯಾ ನನ್ನ ಮುಖ ನೋಡಿದಳು.
ನಾನು ಕಿಟಕಿಯಾಚೆ ಹಾಲಿನ ಬೂತು ನೋಡಿದೆ.

ಹೇಳಿಕೊಡದೆಯೇ ಹ್ಯಾಂಡ್‌ಬ್ರೇಕು ಎಳೆದಳು.
ಕೀ ತಿರುಗಿಸಿ ಕ್ಲಚ್ಚು ಒತ್ತಿ, ಒಂದು ಚಣ ಕಿವಿಗೊಟ್ಟು
"ಸೀಟಿ ನಿಂತಿದೆ ಮೇಡಂ" ಅಂದಳು, ಗಾಡಿ ಎತ್ತುತ್ತಾ.
ಹೌದು ಅಂದೆ.
ಕಾಲಿಗೆ ಜೋಮು ಹಿಡಿದಿತ್ತು.