ಅಂತರಗಂಗೆ

ಕಿಸುಮುವಿನ ನಮ್ಮ ಕಾಲೇಜಿನಲ್ಲಿ ಮೇ ತಿಂಗಳ ರಾತ್ರಿ ಎಂಟು.
ಟಾಂಪೆರೆಯಲ್ಲೂ ಎಂಟೇ,
ಆದರೆ ವೈಕ್ಕೊನ ಕಿಟಕಿಯಲ್ಲಿ ಹಾಡುಹಗಲು.
ಗಡಿಯಾರ ಒಂದೇ, ಸೂರ್ಯ ಮಾತ್ರ ಅವನ ಪಾಲಿಗೆ.

ಸರೋವರದ ತುಂಬ ಅಂತರಗಂಗೆ, ದೋಣಿಗೆ ದಾರಿಯಿಲ್ಲ.
ಒಣಗಿಸಿ, ಸುಟ್ಟು, ಇದ್ದಿಲ ಉಂಡೆ ಕಟ್ಟಿ ಮಾರೋಣ ಎಂದೆ.
ಪರದೆಯ ಮೇಲೆ ವೈಕ್ಕೊ ಸುಮ್ಮನಾದ.
ಹತ್ತು ಸೆಕೆಂಡು. ಇಪ್ಪತ್ತು.
ನೆಟ್‌ವರ್ಕ್ ಹೋಯಿತೆಂದುಕೊಂಡೆ;
ರೆಪ್ಪೆ ಬಡಿಯಿತು.
ಹಾಗಾದರೆ ಹಿಡಿಸಿಲ್ಲ ಎಂದು ಕುಗ್ಗಿಹೋದೆ.

ಅವನ ಊರಲ್ಲಿ ಅದು ಯೋಚನೆಯಂತೆ.
ನಮ್ಮಲ್ಲಿ ಅಷ್ಟು ಮೌನಕ್ಕೆ ಯಾರಾದರೂ ಸತ್ತಿರಬೇಕು.

ನಾನೇನು ಕಡಿಮೆಯೇ?
ಅವನ ಬೆಲೆಪಟ್ಟಿಗೆ ಮೂರು ವಾರ ಹೂಂಗುಟ್ಟಿದೆ.
ದೂರದವನಿಗೆ ಮುಖ ಮುರಿದು ಇಲ್ಲವೆನ್ನುವುದುಂಟೇ?
ಉಂಡೆ ಹೊತ್ತು ದಂಡೆಗಿಳಿದರೆ
ಮೀನು ಸುಡುವ ಅಕುಮು ನಕ್ಕಳು:
"ಈ ದುಡ್ಡಿಗೆ ಎರಡು ದಿನದ ಸೌದೆ ಬರುತ್ತದೆ, ಮಗಳೇ.
ನನ್ನನ್ನು ಕೇಳಿದವರು ಯಾರು?"

ಆ ರಾತ್ರಿ ಮೊದಲ ಸಲ ಅವನಿಗೆ "ಇಲ್ಲ" ಎಂದೆ.
ಅವನು ಸುಮ್ಮನಾದ.
ನಾನೂ ಕಾದೆ, ಉಗುರು ಕಚ್ಚದೆ.

ಈಗ ನಮ್ಮ ಕರೆಯಲ್ಲಿ ಮೂರನೆಯ ಚೌಕ:
ಅಕುಮುವಿನ ಅರ್ಧ ಹಣೆ, ಹೊಗೆ, ಒಂದು ಕೋಳಿ.
ಲಾಭ ಇನ್ನೂ ಸೊನ್ನೆ.
ತೇವ ತಾಗಿದರೆ ಉಂಡೆ ಪುಡಿಪುಡಿ.
ಮರಗೆಣಸಿನ ಗಂಜಿ ಬೆರೆಸಿ ನೋಡಿ ಎನ್ನುತ್ತಾಳೆ ಅವಳು.
ಎಷ್ಟು ಗ್ರಾಂ ಎನ್ನುತ್ತಾನೆ ಅವನು.
ಅವಳು ಅಂಗೈ ಬಟ್ಟಲು ಮಾಡಿ ಕ್ಯಾಮೆರಾಗೆ ತೋರುತ್ತಾಳೆ.
ನಡುವೆ ಕೂತು ನಾನು
ಅವಳ ಲುವೊ ಮಾತನ್ನು ಇಂಗ್ಲಿಷಿಗೆ,
ಅವನ ಮೌನವನ್ನು ಲುವೊಗೆ
ದಾಟಿಸುತ್ತಿರುತ್ತೇನೆ.