ಖಾತೆ ಸಂಖ್ಯೆ ೪೧೧೭

ಮಡಗಾಂವ್ ಹಳೇ ಮಾರ್ಕೆಟ್ಟು, ಬೇಕರಿಯ ಮೇಲಿನ ಮಹಡಿ.
ನಾವು ಮೂವರು, ಎರಡು ಫ್ಯಾನು.
ಹದಿನಾಲ್ಕು ಶಾಖೆಗಳ ಸಹಕಾರಿ ಸಂಘವೊಂದರ
ಲೆಕ್ಕವೆಲ್ಲ ನಮ್ಮ ಬೆರಳ ತುದಿಯಲ್ಲಿ.
ಪರೀಕ್ಷೆಗೆಂದು ಬೇರೆ ಸರ್ವರ್ ಕೊಡಿ ಎಂದು
ಮೂರು ವರ್ಷ ಬರೆದೆವು.
ಮೂರೂ ವರ್ಷ ಅಧ್ಯಕ್ಷರದ್ದು ಒಂದೇ ಮಾತು:
"ಇರುವುದೇ ಚೆನ್ನಾಗಿ ನಡೆಯುತ್ತಿದೆಯಲ್ಲ,
ಇನ್ನೊಂದು ಯಾಕೆ?"

ಅನ್ನ ಬೆಂದಿದೆಯೋ ಇಲ್ಲವೋ ನೋಡಲು
ಒಂದಗುಳು ಹಿಚುಕಿದರೆ ಸಾಕು, ನಿಜ.
ನಾವು ಹಿಚುಕುತ್ತಿದ್ದುದು
ಪಂಕ್ತಿಯಲ್ಲಿ ಕೂತವರ ಎಲೆಗೇ ಕೈ ಹಾಕಿ.

ಅದಕ್ಕೇ ಯಾರೂ ಕೂರದ ಎಲೆಯೊಂದನ್ನು ಹುಡುಕಿದೆವು.
೪೧೧೭. ಕಾಯ್ತಾನ್ ರೆಬೆಲೊ, ನುವೆಂ.
ಒಂಬತ್ತು ವರ್ಷ ಅಲುಗದ ಖಾತೆ.
ಸತ್ತಿರಬೇಕು, ಎಂದ ಪ್ರಜ್ಯೋತ್.
ಬಿಡ್ತು ಅನ್ನು, ಎಂದೆ ನಾನು ಕನ್ನಡದಲ್ಲಿ.
ಅವನಿಗೆ ಅರ್ಥವಾಗಲಿಲ್ಲ.

ಅಂದಿನಿಂದ ರಾತ್ರಿ ಹತ್ತರ ಮೇಲೆ
ಕಾಯ್ತಾನರಿಗೆ ಒಂದು ರೂಪಾಯಿ ಜಮಾ,
ಕಾಯ್ತಾನರಿಂದ ಒಂದು ರೂಪಾಯಿ ಖರ್ಚು.
ಬಡ್ಡಿ ಹಾಕಿದೆವು, ಕಿತ್ತುಕೊಂಡೆವು.
ಒಮ್ಮೆ ಎಂಟು ನಿಮಿಷ ಅವರನ್ನು ಕೋಟ್ಯಧಿಪತಿ ಮಾಡಿದ್ದೂ ಉಂಟು;
ಆ ಎಂಟು ನಿಮಿಷ ನಾವು ಉಸಿರಾಡಿದ ನೆನಪಿಲ್ಲ.

ಏಪ್ರಿಲ್. ಪೇಟೆಯೆಲ್ಲ ಉರ್ರಾಕಿನ ವಾಸನೆ.
ಕಾಯ್ತಾನ್ ಹಡಗಿನಿಂದ ಇಳಿದು ಬಂದರು.
ಸರಕು ಹಡಗಿನಲ್ಲಿ ಅಡುಗೆಯವರಂತೆ,
ರಜೆಗೆ ಬಂದಾಗಲೂ ಈ ಕಡೆ ಸುಳಿದವರಲ್ಲವಂತೆ.
ಪಾಸ್‌ಬುಕ್ಕನ್ನು ಯಂತ್ರದ ಬಾಯಿಗೆ ಕೊಟ್ಟರು.
ಅದು ಮುದ್ರಿಸಿತು, ಮುದ್ರಿಸುತ್ತಲೇ ಇತ್ತು,
ಪುಸ್ತಕ ಮುಗಿದು ಎರಡನೆಯದು, ಅದೂ ಮುಗಿದು ಮೂರನೆಯದು:
ಟೆಸ್ಟ್. ಟೆಸ್ಟ್ ಎರಡು. ಕೊನೇ ಟೆಸ್ಟ್.
ನಿಜವಾಗಿಯೂ ಕೊನೇ ಟೆಸ್ಟ್.
ದೇವರೇ ಇದೊಂದು ಸಲ.

ಮೆಟ್ಟಿಲು ಹತ್ತಿ ನಮ್ಮಲ್ಲಿಗೇ ಬಂದರು.
ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆವು.
ಅವರು ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ,
ಪೆನ್ಸಿಲ್ಲಿನ ತುದಿ ನಾಲಿಗೆಗೆ ಒತ್ತಿ
ಸಾಲು ಸಾಲು ಕೂಡಿದರು, ಕಳೆದರು.
ಕೆಳಗೆ ಸಂಜೆಯ ಪಾವು ಒಲೆಯಿಂದ ಹೊರಬಂದು
ಆರಿಯೂ ಹೋಯಿತು.

"ನವೆಂಬರ್ ಹದಿಮೂರು. ಒಂದು ರೂಪಾಯಿ ತೆಗೆದಿದ್ದೀರಿ,
ವಾಪಸು ಹಾಕಿಲ್ಲ."

ಒಂದು ದಿನ ಈ ಶಾಖೆ, ಒಂದು ದಿನ ಆ ಶಾಖೆ
ತಾಳೆಯಾಗದ ಲೆಕ್ಕದ ಹಿಂದೆ
ಐದು ತಿಂಗಳು ನಾವು ಹುಡುಕಿದ ತಪ್ಪು
ಆ ಪೆನ್ಸಿಲ್ ಗುರುತಿನ ಕೆಳಗೆ
ತಿಗಣೆಯ ಹಾಗೆ ಕೂತಿತ್ತು.

ಸುಲಕ್ಷಾ ಪರ್ಸಿನಿಂದ ನಾಣ್ಯ ತೆಗೆದಳು.
ಅವರು ಮುಟ್ಟಲಿಲ್ಲ.
"ಕೈಗಲ್ಲ ಬಾಯೆ, ಪುಸ್ತಕಕ್ಕೆ."

ಆ ರಾತ್ರಿಯೇ ಹಾಕಿದೆವು, ಲೈವ್‌ನಲ್ಲೇ, ಇನ್ನೆಲ್ಲಿ?
ವಿವರದ ಜಾಗದಲ್ಲಿ ಕೈ ತಾನಾಗಿ ಟೆಸ್ಟ್ ಎಂದು ಬರೆಯಿತು.
ಅಳಿಸಿದೆ.
ಸಲ್ಲಬೇಕಾದ್ದು, ಎಂದು ಬರೆದೆ.

ತಪ್ಪು ತಿದ್ದಿದ ಹೊಸ ಪ್ರತಿ ಸೋಮವಾರ ಹೋಗಬೇಕು.
ಅದಕ್ಕೆ ಮುಂಚೆ ಎಲ್ಲಾದರೂ ಒಮ್ಮೆ ಓಡಿಸಿ ನೋಡಬೇಕು.
ಪ್ರಜ್ಯೋತ್ ಪಟ್ಟಿ ತೆರೆದ,
ವರ್ಷಗಟ್ಟಲೆ ಅಲುಗದ ಹೆಸರುಗಳು.
ಫಿಲೋಮಿನಾ ಕುಲಾಸೊ, ಚಿಂಚಿಣಿ.
ಬಹಳ ಹೊತ್ತು ನೋಡಿದ.
ನಾನು ಬಾಯಿ ತೆರೆಯುವ ಮೊದಲೇ
ಬಿಡ್ತು, ಅಂದ ತನಗೆ ತಾನೇ,
ತನಗೆ ಗೊತ್ತಿದ್ದ ಒಂದೇ ಕನ್ನಡ ಮಾತು.

ಆಮೇಲೆ ಎಂಟರ್ ಒತ್ತಿದ.